ಐಸಿಯುದಾಗ ರಾತ್ರಿ ಯಾರಿರತಾರ?

ಅಧ್ಯಕ್ಷರೆ, ಹಿರಿಯರೆ, ತಾಯಂದಿರೆ,

ಬಾಗಲಕೋಟೆಯಲ್ಲಿ ಆಸ್ಪತ್ರೆಯ ಮಾತು ತೆಗೆದರೆ ಎರಡು ಪ್ರಶ್ನೆ ಬಂದೇ ಬರುತ್ತವೆ. "ಡಾಕ್ಟರ್ ಏನು ಓದ್ಯಾರ್ರಿ?" "ಇನ್ಶೂರನ್ಸ್ ನಡೀತೈತೇನ್ರಿ?" ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಎರಡನ್ನೂ ಡಾಕ್ಟರಿಗೇ ಕೇಳುತ್ತೇವೆ, ಅಲ್ಲಿ ಎಡವುತ್ತೇವೆ. ಓದು ಡಾಕ್ಟರದ್ದು, ಕ್ಯಾಶ್‌ಲೆಸ್ ಒಪ್ಪಂದ, ಅಂದರೆ ಬಿಲ್ಲನ್ನು ವಿಮಾ ಕಂಪನಿಯೇ ನೇರ ಕಟ್ಟುವ ಒಪ್ಪಂದ, ಆಸ್ಪತ್ರೆಯದ್ದು. ಅಮೆರಿಕದಲ್ಲಿರುವ ಮಗ ಫೋನಿನಲ್ಲಿ "ಆ ಡಾಕ್ಟರು ನೆಟ್‌ವರ್ಕಿನಲ್ಲಿ ಇದ್ದಾರಾ ಕೇಳಪ್ಪಾ" ಅನ್ನುತ್ತಾನೆ. ಅವನ ತಪ್ಪಲ್ಲ. ಅಲ್ಲಿ ಡಾಕ್ಟರೂ ಬೇರೆಯಾಗಿ ವಿಮಾ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿರುತ್ತಾರೆ. ಆಸ್ಪತ್ರೆ ಆ ಒಪ್ಪಂದದ ಜಾಲದ ಒಳಗೆ, ಡಾಕ್ಟರು ಹೊರಗೆ ಎಂದಾಗ ಬರುತ್ತಿದ್ದ ದಿಢೀರ್ ಬಿಲ್ಲು ತಡೆಯಲು 2022ರ ಜನವರಿಯಿಂದ ಕಾನೂನೇ ಜಾರಿಯಾಯಿತು. ನಮ್ಮಲ್ಲಿ ಆ ತಾಪತ್ರಯ ಇಲ್ಲ. ನಮ್ಮವು ಬೇರೆ ಇವೆ.

ಮೊದಲು ಓದಿನ ಲೆಕ್ಕ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ, ಆಮೇಲೆ ಎಂಡಿ 3 ವರ್ಷ. ಐಸಿಯುಗೆ ಬರುವವರು ಹೆಚ್ಚಾಗಿ ಅರಿವಳಿಕೆ, ಜನರಲ್ ಮೆಡಿಸಿನ್ ಇಲ್ಲವೇ ಶ್ವಾಸಕೋಶ ವಿಭಾಗದವರು. ಅದರ ಮೇಲೆ ಕ್ರಿಟಿಕಲ್ ಕೇರ್, ಅಂದರೆ ಜೀವಕ್ಕೆ ಅಪಾಯವಿರುವ ರೋಗಿಗಳ ಆರೈಕೆಯಲ್ಲಿ, ಡಿಎಂ ಅಥವಾ ಡಿಆರ್‌ಎನ್‌ಬಿ ಎಂಬ ಮೇಲಿನ ಪದವಿ, ಮತ್ತೆ 3 ವರ್ಷ. ಬೋರ್ಡಿನ ಮೇಲೆ ಐಡಿಸಿಸಿಎಂ ಎಂದಿದ್ದರೆ ಅದು ಕ್ರಿಟಿಕಲ್ ಕೇರ್ ತಜ್ಞರ ಸೊಸೈಟಿ ಕೊಡುವ ಡಿಪ್ಲೊಮಾ. ಡಿಎಂಗೆ ಸಮ ಅಲ್ಲ, ಹಾಗಂತ ಮೂಗು ಮುರಿಯುವಂಥದ್ದೂ ಅಲ್ಲ. ವೆಂಟಿಲೇಟರ್ ಹಿಡಿದು ಪಳಗಿದ ಎಷ್ಟೋ ಕೈಗಳು ಆ ದಾರಿಯಲ್ಲೇ ಬಂದಿವೆ. ಲೆಟರ್‌ಹೆಡ್ಡಿನಲ್ಲಿ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ಅಥಣಿ, ರಾಯಬಾಗದವರು ಮೀರಜ್‌ಗೆ, ವಿಜಯಪುರದವರು ಸೋಲಾಪುರಕ್ಕೆ ಓಡುತ್ತೀರಿ. ಅಲ್ಲಿನ ಡಾಕ್ಟರ ಸಂಖ್ಯೆ ಮಹಾರಾಷ್ಟ್ರ ಪರಿಷತ್ತಿನದ್ದು.

ಇಷ್ಟೆಲ್ಲ ನೋಡಿದ ಮೇಲೂ ಅಸಲಿ ಪ್ರಶ್ನೆ ಉಳಿಯುತ್ತದೆ: ರಾತ್ರಿ ಎರಡು ಗಂಟೆಗೆ ಐಸಿಯುದಾಗ ಯಾರಿರತಾರ? ಬೋರ್ಡಿನ ಮೇಲಿನ ಡಿಎಂ ಮೂರು ಆಸ್ಪತ್ರೆಗೆ ಹೋಗಿಬರುವವರಾಗಿದ್ದು, ರಾತ್ರಿ ಇರುವವರಿಗೆ ಉಸಿರಿನ ನಳಿಗೆ ಹಾಕಲು ಬಾರದಿದ್ದರೆ ಆ ಓದು ಗೋಡೆಗೆ ಅಂಟಿಕೊಂಡೇ ಇರುತ್ತದೆ. ಇದು ನನ್ನ ಹಟ ಅಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ವ್ಯಾಖ್ಯೆಯೇ ಹಾಗಿದೆ: ಅದಕ್ಕೆಂದೇ ನೇಮಿಸಿದ ವೈದ್ಯರ ಸತತ ನಿಗಾ ಇರುವ ಜಾಗವೇ ಐಸಿಯು. ನಾಲ್ಕು ಮಾನಿಟರ್, ಒಂದು ಎಸಿ ಇಟ್ಟ ಖೋಲಿ ಐಸಿಯು ಅಲ್ಲ. ವೆಂಟಿಲೇಟರ್ ಮೇಲಿರುವ ರೋಗಿಗೆ ನರ್ಸ್ ಎಷ್ಟು ಮಂದಿ, ಅದನ್ನೂ ಕೇಳಿರಿ. ಒಬ್ಬರಿಗೊಬ್ಬರು ಇರಬೇಕು.

ಈಗ ಒಂದು ಮನೆಯ ಮಾತು. ಜಮಖಂಡಿ ಕಡೆಯವರು ಅಂತ ಇಟ್ಟುಕೊಳ್ಳಿ. ಯಜಮಾನರಿಗೆ ಜ್ವರ, ಉಸಿರು ಹತ್ತಿಕೊಂಡಿದೆ, ರಕ್ತದೊತ್ತಡ ಇಳಿದಿದೆ. ರಾತ್ರಿ ಹನ್ನೊಂದಕ್ಕೆ ಕರೆತಂದರು. ಜೊತೆಗೆ ಮಗ, ಅಳಿಯ, ಇನ್ನು ಜೀಪು ತುಂಬ ಬಂದವರ ಲೆಕ್ಕ ಬೇಡ. ಡ್ಯೂಟಿ ಡಾಕ್ಟರು "ಶುಗರ್ ಎಷ್ಟು ವರ್ಷದಿಂದ?" ಎಂದರು. ಮಗನಿಗೆ ಗೊತ್ತಿಲ್ಲ. ಅಳಿಯ ಮುಂದೆ ಬಂದು, "ಭಾಳ ವರ್ಷ ಆತ್ರಿ, ಒಂದ್ ಹತ್ತ್ ವರ್ಷ ಇರಬೇಕು" ಎಂದ. ಅಳಿಯಂದಿರಿಗೆ ಗೊತ್ತಿಲ್ಲ ಅನ್ನೋ ಮಾತು ಬಾಯಿಗೆ ಬರುವುದಿಲ್ಲ, ಕ್ಷಮಿಸಿ. ಕೇಸ್ ಪೇಪರಿನಲ್ಲಿ "ಮಧುಮೇಹ, 10 ವರ್ಷ" ಎಂದು ಬಿತ್ತು. ಪಾಲಿಸಿ ತೆಗೆದದ್ದು ಎರಡು ವರ್ಷದ ಹಿಂದೆ. ನಿಜವಾಗಿ ಶುಗರ್ ಗೊತ್ತಾದದ್ದು ಕಳೆದ ವರ್ಷ, ಲ್ಯಾಬ್ ಚೀಟಿ ಮನೆಯ ಟ್ರಂಕಿನಲ್ಲಿದೆ. ಕಂಪನಿ ಏನಂದಿತು? ಮೊದಲೇ ಇದ್ದ ಕಾಯಿಲೆ ಮುಚ್ಚಿಟ್ಟಿದ್ದೀರಿ, ಕ್ಯಾಶ್‌ಲೆಸ್ ಇಲ್ಲ. ಒಂದು ಸಾಲು, ಅಷ್ಟೇ. ಮೊದಲಿನಿಂದ ಇದ್ದ ಕಾಯಿಲೆಗೆ ಕಾಯುವ ಅವಧಿ, ಅಂದರೆ ಅದರ ಖರ್ಚು ಸಿಗದ ಅವಧಿ, ಈಗ ಗರಿಷ್ಠ 36 ತಿಂಗಳು; ಇವರ ಪಾಲಿಸಿಗೆ ಎರಡೇ ವರ್ಷ. ಆದ್ದರಿಂದ ಗೊತ್ತಿದ್ದವರೇ ಉತ್ತರ ಕೊಡಿ, ಹಳೇ ಚೀಟಿ ತರಿಸಿ. ಆದರೆ ಸುಳ್ಳು ಬರೆಸಬೇಡಿ. ಆಮೇಲೆ ತಿದ್ದಿದ ಕೇಸ್ ಪೇಪರ್ ಮೊದಲಿನದ್ದಕ್ಕಿಂತ ಹೆಚ್ಚು ಕೆಡಿಸುತ್ತದೆ.

ಕ್ಯಾಶ್‌ಲೆಸ್ ಅರ್ಜಿಗೆ ಕಂಪನಿ ಒಂದು ತಾಸಿನೊಳಗೆ, ಡಿಸ್ಚಾರ್ಜಿನ ಅಂತಿಮ ಒಪ್ಪಿಗೆಗೆ ಮೂರು ತಾಸಿನೊಳಗೆ ಉತ್ತರಿಸಬೇಕೆಂದು ಅದೇ ವಿಮಾ ಪ್ರಾಧಿಕಾರದ 2024ರ ಮೇ ತಿಂಗಳ ಸುತ್ತೋಲೆ ಹೇಳುತ್ತದೆ. ಮೂರು ತಾಸು ಮೀರಿ ಆಸ್ಪತ್ರೆ ಹೆಚ್ಚಿಗೆ ಹಾಕಿದರೆ ಅದು ಕಂಪನಿಯ ಕೊರಳಿಗೆ. ಆದರೆ ಮೊದಲ ಒಪ್ಪಿಗೆ ಪೂರ್ತಿ ಬಿಲ್ಲಿಗಲ್ಲ, ಅಂದಾಜಿನ ಒಂದು ಮೊತ್ತಕ್ಕೆ. ಐಸಿಯು ದಿನ ಬೆಳೆದಂತೆ ಆಸ್ಪತ್ರೆಯ ವಿಮಾ ಡೆಸ್ಕಿನವರು ಹೆಚ್ಚುವರಿ ಒಪ್ಪಿಗೆ ಕೇಳುತ್ತಲೇ ಇರಬೇಕು. ಆಗ ಕಂಪನಿಯ ಡಾಕ್ಟರು ನೋಡುವುದು ಮಂಚದ ಬುಡದಲ್ಲಿರುವ ಆ ದೊಡ್ಡ ಚಾರ್ಟು: ತಾಸಿಗೊಮ್ಮೆ ಮೂತ್ರ ಎಷ್ಟು, ಬಿಪಿ ಏರಿಸುವ ಔಷಧಿ ಯಾವ ವೇಗದಲ್ಲಿ, ವೆಂಟಿಲೇಟರಿನಲ್ಲಿ ಆಕ್ಸಿಜನ್ ಶೇಕಡಾ ಎಷ್ಟು, ರಕ್ತದಲ್ಲಿ ಆಕ್ಸಿಜನ್, ಆಮ್ಲದ ಮಟ್ಟ ತೋರಿಸುವ ಎಬಿಜಿ ತಪಾಸಣೆ ಏನನ್ನುತ್ತದೆ. ರಾತ್ರಿ ಹನ್ನೆರಡರಿಂದ ಆರರವರೆಗೆ ಆ ಕಾಲಂ ಖಾಲಿ ಇದ್ದರೆ, "ಈ ರೋಗಿಗೆ ಐಸಿಯು ಬೇಕಿರಲಿಲ್ಲ" ಎಂದು ಬರೆಯುತ್ತಾರೆ. ನೋಡಿದಿರಾ, ಮತ್ತೆ ಅದೇ ಪ್ರಶ್ನೆ. ರಾತ್ರಿ ಯಾರಿದ್ದರು?

ರೂಮಿನ ಮಾತು ಬೇಗ ಹೇಳುತ್ತೇನೆ. ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲಿ ಐಸಿಯುಗೆ ದಿನಕ್ಕೆ ವಿಮಾ ಮೊತ್ತದ ಶೇ 5, ಹೆಚ್ಚೆಂದರೆ ₹10,000. ರೂಮಿಗೆ ಶೇ 2, ಹೆಚ್ಚೆಂದರೆ ₹5,000. ಐಸಿಯುದಿಂದ ಹೊರಬಂದ ದಿನ ಬಂಧುಗಳಿಗೆ ಕೂಡಲು ಜಾಗ ಬೇಕೆಂದು ₹10,000ದ ಸ್ಪೆಷಲ್ ರೂಮ್ ಹಿಡಿದರೆ, ಬಾಡಿಗೆಯಷ್ಟೇ ಅಲ್ಲ, ಡಾಕ್ಟರ್ ಫೀಗೆ ಕಂಪನಿ ಕೊಡುವ ಹಣವೂ ಅರ್ಧಕ್ಕೆ ಇಳಿಯಬಹುದು. ಔಷಧಿ, ತಪಾಸಣೆ, ಐಸಿಯು ಚಾರ್ಜಿಗೆ ಆ ಪ್ರಮಾಣದ ಕಡಿತ ಬರುವಂತಿಲ್ಲ. ಗ್ಲೌಸು, ಡೈಪರ್ ಸಾಮಾನ್ಯವಾಗಿ ನಿಮ್ಮ ಕಿಸೆಯಿಂದಲೇ; ಐಸಿಯುದಲ್ಲಿ ಅವು ಸಣ್ಣ ಲೆಕ್ಕ ಅಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಸಹಕಾರಿಗಳ ಆರೋಗ್ಯ ಯೋಜನೆ ಯಶಸ್ವಿನಿಯ ಬಗ್ಗೆ ಹೇಳಬೇಕಿತ್ತು, ಇಲ್ಲಿ ಅರ್ಧಕ್ಕರ್ಧ ಸಹಕಾರ ಸಂಘದ ಸದಸ್ಯರೇ. ನಿಮ್ಮ ಕಾರ್ಯದರ್ಶಿಗಳನ್ನು ಹಿಡಿಯಿರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷ. ತುರ್ತಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿಗೆ ಕಾಯಬೇಡಿ. ಖಾಸಗಿ ಪಾಲಿಸಿಯವರು ತುರ್ತು ಭರ್ತಿಯಾದ 24 ತಾಸಿನೊಳಗೆ ಕಂಪನಿಗೆ ತಿಳಿಸಿ. ಕ್ಲೇಮು ತಿರಸ್ಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದರೂ ಒಪ್ಪಿಗೆಯಾಗದಿದ್ದರೆ, ವಿಮಾ ತಕರಾರು ತೀರ್ಮಾನಿಸುವ ಅಧಿಕಾರಿ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಹತ್ತಿರ ಹೋಗಿರಿ. ₹50 ಲಕ್ಷದವರೆಗಿನ ತಕರಾರು ಅಲ್ಲಿ ನಡೆಯುತ್ತದೆ, ಫೀ ಇಲ್ಲ, ವಕೀಲರೂ ಬೇಡ. ಡಿಸ್ಚಾರ್ಜ್ ಕಾರ್ಡಿನ ಜೊತೆ ಐಸಿಯು ಚಾರ್ಟಿನ ಝೆರಾಕ್ಸ್ ಕೂಡ ಆಸ್ಪತ್ರೆಯಿಂದ ಕೇಳಿ ಇಸಿದುಕೊಂಡಿರಿ, ಒಂಬುಡ್ಸ್‌ಮನ್ ಮುಂದೆ ಬೇಕಾಗುವುದು ಅದೇ.