ಶಿಲ್ಲಾಂಗ್‌ನಿಂದ ಮೆಂಫಿಸ್‌ಗೆ: ಬ್ಲೂಸ್ ಬ್ಯಾಂಡ್ ಅಷ್ಟು ದೂರ ಯಾಕೆ ಹೋಗಬೇಕು?

[ಕಪ್ಪು ಪರದೆ. ಗಿಟಾರ್‌ನ ಒಂದೇ ಸ್ವರ.]

ನಮಸ್ಕಾರ. ಅಮೆರಿಕದ ಮೆಂಫಿಸ್‌ನಲ್ಲಿ ಒಂದು ಕ್ಲಬ್ ಅಂದುಕೊಳ್ಳಿ. ವೇದಿಕೆ ಮೇಲೆ ನಾಲ್ಕು ಜನ. ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿಲ್ಲ. ಹಾಡುವವರು ಹಿಂದೆ ತಿರುಗಿ, "ಶಫಲ್, ಎ ಯಲ್ಲಿ, ಫ್ರಮ್ ದ ಫೈವ್" ಅನ್ನುತ್ತಾರೆ. ಅಷ್ಟೇ. ನಾಲ್ವರೂ ಒಟ್ಟಿಗೆ ಎತ್ತಿಕೊಳ್ಳುತ್ತಾರೆ. ತಾಲೀಮಿಲ್ಲ, ಮುಂದೆ ಹಾಳೆಯೂ ಇಲ್ಲ.

ಇವರು ನುಡಿಸೋದು ಬ್ಲೂಸ್, ಅಮೆರಿಕದ ಕರಿಯ ಜನರಲ್ಲಿ ಹುಟ್ಟಿದ ಸಂಗೀತ. ಇದು ಹೇಗೆ ಸಾಧ್ಯ ಅಂತ ನೋಡೋಣ. ಅದಕ್ಕೆ ಮೊದಲು ನಮ್ಮ ದೇಶದ ಒಂದು ಬ್ಯಾಂಡ್ ಕಥೆ.

[ಶಿಲ್ಲಾಂಗ್‌ನ ಬೆಟ್ಟ, ಮಳೆ.]

2003ರಲ್ಲಿ ಶಿಲ್ಲಾಂಗ್‌ನಲ್ಲಿ ಸೋಲ್‌ಮೇಟ್ ಹುಟ್ಟಿತು. ಗಿಟಾರ್‌ಗೆ ರೂಡಿ ವಾಲಾಂಗ್, ಹಾಡೋಕೆ ಟಿಪ್ರಿಟಿ ಖರ್ಬಂಗಾರ್. 2007ರಲ್ಲಿ ಇವರು ಇಂಟರ್‌ನ್ಯಾಷನಲ್ ಬ್ಲೂಸ್ ಚಾಲೆಂಜ್‌ಗೆ ಭಾರತದ ಪರವಾಗಿ ಮೆಂಫಿಸ್‌ಗೆ ಹೋದರು. 2010ರಲ್ಲಿ ಮತ್ತೆ ಹೋದರು.

ಈ ಸ್ಪರ್ಧೆ ಒಂದು ದೊಡ್ಡ ಸ್ಟೇಡಿಯಂನಲ್ಲಿ ನಡೆಯೋದಿಲ್ಲ. ಬೀಲ್ ಸ್ಟ್ರೀಟ್ ಅನ್ನೋ ಒಂದೇ ಬೀದಿಯ ಕ್ಲಬ್ಬುಗಳಲ್ಲಿ ಹಂಚಿಕೊಂಡು ನಡೆಯುತ್ತದೆ. ಪ್ರತಿ ಬ್ಯಾಂಡ್‌ಗೂ ಎಣಿಸಿ ಕೊಟ್ಟ ನಿಮಿಷಗಳು. ಮೀರಿದರೆ ಅಂಕ ಕಡಿತ. ನಿಮ್ಮ ಸರದಿ ಮುಗಿಯಿತಾ, ಪಕ್ಕದ ಬಾಗಿಲು ತಳ್ಳಿ ಒಳಗೆ ಹೋಗಿ. ಅಲ್ಲಿ ಇನ್ನೊಂದು ದೇಶದ ಬ್ಯಾಂಡ್ ನುಡಿಸುತ್ತಿರುತ್ತದೆ. ಗೆಲ್ಲೋದಕ್ಕಿಂತ ಈ ಬಾಗಿಲಿಂದ ಬಾಗಿಲಿಗೆ ಓಡಾಟವೇ ದೊಡ್ಡ ಲಾಭ ಅಂತ ನನಗೆ ಅನಿಸುತ್ತದೆ.

[ರಾತ್ರಿ. ನಿಯಾನ್ ಬೋರ್ಡುಗಳು.]

ಈ ಬೀದಿ ಮೊದಲಿಂದಲೂ ಹೊರಗಿನಿಂದ ಬಂದವರದ್ದೇ. ಮಿಸ್ಸಿಸ್ಸಿಪ್ಪಿಯ ಹತ್ತಿ ಹೊಲಗಳಿಂದ ಕರಿಯ ಜನ ಕೆಲಸ ಹುಡುಕಿಕೊಂಡು ಇಲ್ಲಿಗೆ ಬಂದರು. ಹೆಸರಾಂತ ಬ್ಲೂಸ್ ಗಿಟಾರ್ ವಾದಕ ಬಿ.ಬಿ. ಕಿಂಗ್ ಕೂಡ ಹಾಗೆ ಬಂದವರು. ಇಲ್ಲಿನ ರೇಡಿಯೋದಲ್ಲಿ ಅವರನ್ನು 'ಬೀಲ್ ಸ್ಟ್ರೀಟ್ ಬ್ಲೂಸ್ ಬಾಯ್' ಅಂತ ಕರೆಯುತ್ತಿದ್ದರು. ಅದೇ ಸಣ್ಣದಾಗಿ ಬಿ.ಬಿ. ಆಯಿತು.

[ಗಿಟಾರ್ ಕತ್ತಿನ ಮೇಲೆ ಬೆರಳುಗಳು, ತೀರಾ ಹತ್ತಿರದಿಂದ.]

ಈಗ ಮೊದಲಿನ ಪ್ರಶ್ನೆ. ಬ್ಲೂಸ್‌ನಲ್ಲಿ ತುಂಬ ಹಾಡುಗಳು 12 ಬಾರ್‌ನ ಒಂದು ಸುತ್ತಿನ ಮೇಲೆ ನಿಂತಿವೆ. ಇಲ್ಲಿ ಬಾರ್ ಅಂದರೆ ನಾಲ್ಕು ಬೀಟ್. 'ಎ' ಶ್ರುತಿ ಇಟ್ಟುಕೊಂಡರೆ, ಮೊದಲ 4 ಬಾರ್ ಎ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ಆಮೇಲೆ 2 ಬಾರ್ ಡಿ, ಮತ್ತೆ 2 ಬಾರ್ ಎ. ಒಂಬತ್ತನೇ ಬಾರ್‌ನಲ್ಲಿ ಇ, ಹತ್ತರಲ್ಲಿ ಡಿ, ಹನ್ನೊಂದರಲ್ಲಿ ಎ. ಹನ್ನೆರಡರಲ್ಲಿ ಇ ಬಂದು ಮತ್ತೆ ಮೊದಲಿಗೆ ಎಳೆಯುತ್ತದೆ. ಈ ತಿರುವಿಗೆ ಟರ್ನ್‌ಅರೌಂಡ್ ಅಂತಾರೆ. ಶಫಲ್ ಅನ್ನೋದು ತೂಗುತ್ತಾ ಸಾಗುವ ಒಂದು ಲಯ. ಎ ಯಿಂದ ಎಣಿಸಿದರೆ ಇ ಐದನೆಯದು. ಹಾಗಾಗಿ 'ಫ್ರಮ್ ದ ಫೈವ್' ಅಂದರೆ ಇ ಬರುವ ಒಂಬತ್ತನೇ ಬಾರ್‌ನಿಂದ ಎತ್ತಿಕೊಳ್ಳಿ ಅಂತ.

ಇದನ್ನು ಯಾರು ಬೇಕಾದರೂ ಒಂದು ಸಂಜೆಯಲ್ಲಿ ಕಲಿಯಬಹುದು. ಹಾಗಿದ್ದರೆ ಸಮುದ್ರ ದಾಟೋದು ಯಾಕೆ, ಅಲ್ವಾ?

ಯಾಕೆಂದರೆ ಬ್ಲೂಸ್ ಇರೋದು ಬಿಟ್ಟ ಜಾಗದಲ್ಲಿ. ಪ್ರತಿ ನಾಲ್ಕು ಬಾರ್‌ನಲ್ಲಿ ಹಾಡಿನ ಸಾಲು ಹೆಚ್ಚುಕಡಿಮೆ ಎರಡು ಬಾರ್‌ಗೆ ಮುಗಿಯುತ್ತದೆ. ಉಳಿದ ಎರಡು ಬಾರ್‌ನಲ್ಲಿ ಗಿಟಾರ್ ಉತ್ತರ ಕೊಡುತ್ತದೆ. ಕ್ಲಬ್‌ನಲ್ಲಾದರೆ ಜನರೂ ಉತ್ತರ ಕೊಡುತ್ತಾರೆ. ಯಾರೋ "ಹೌದೌದು" ಅಂತ ಕೂಗುತ್ತಾರೆ. ಆ ಕೂಗಿಗೆ ಹಾಡುವವರು ಮುಂದಿನ ಸಾಲನ್ನು ಒಂದು ಚೂರು ತಡ ಮಾಡುತ್ತಾರೆ. ಡ್ರಮ್ಮರ್ ಅದನ್ನು ಕಣ್ಣಲ್ಲೇ ಹಿಡಿದು ಕಾಯುತ್ತಾನೆ. ಆ ಚೂರು ತಡವನ್ನು ಯಾವ ಪುಸ್ತಕವೂ ಕಲಿಸಲ್ಲ.

ದೂರದಲ್ಲಿ ಕೂತವರಿಗೆ ಕ್ಲಬ್ಬಿನ ಸದ್ದೂ ತಿಳಿಯಲ್ಲ. 1958ರಲ್ಲಿ ಶಿಕಾಗೋದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಇಂಗ್ಲೆಂಡ್‌ಗೆ ಹೋದಾಗ ಅವರ ಎಲೆಕ್ಟ್ರಿಕ್ ಗಿಟಾರ್ ಸದ್ದಿಗೆ ಹಲವರು ಬೆಚ್ಚಿಬಿದ್ದರು. ಮೆದುವಾದ ಜನಪದ ಹಾಡು ಕೇಳೋಕೆ ಬಂದಿದ್ದವರು ಅವರು. ಶಿಕಾಗೋ ಕ್ಲಬ್ಬಿನ ಸದ್ದು ಎಷ್ಟು ಜೋರು ಅಂತ ಅವರಿಗೆ ಗೊತ್ತಿರಲಿಲ್ಲ.

[ಹೆದ್ದಾರಿ 61. ಎರಡೂ ಕಡೆ ಬಯಲು.]

ಮೆಂಫಿಸ್‌ನಿಂದ ದಕ್ಷಿಣಕ್ಕೆ ಸುಮಾರು 120 ಕಿಲೋಮೀಟರ್ ಹೋದರೆ ಕ್ಲಾರ್ಕ್ಸ್‌ಡೇಲ್. ಬ್ಲೂಸ್ ಹುಚ್ಚು ಇರೋರು ಇಲ್ಲಿಗೆ ಹೋಗದೆ ವಾಪಸ್ ಬರಬೇಡಿ. ರೆಡ್ಸ್ ಲೌಂಜ್ ಅಂತ ಒಂದು ಜೂಕ್ ಜಾಯಿಂಟ್, ಅಂದರೆ ಹಾಡು-ಕುಡಿತದ ಸಣ್ಣ ಅಡ್ಡಾ ಇದೆ. ತಗ್ಗಿನ ಸೂರು, ಕೆಂಪು ದೀಪ. ಕೇಳುವವರಿಗೂ ನುಡಿಸುವವರಿಗೂ ನಡುವೆ ಕೆಲವೇ ಹೆಜ್ಜೆ.

[ಮುಂಬೈ, ಮೆಹಬೂಬ್ ಸ್ಟುಡಿಯೋ.]

2011ರಲ್ಲಿ ಮುಂಬೈಯಲ್ಲಿ ಮಹೀಂದ್ರ ಬ್ಲೂಸ್ ಫೆಸ್ಟಿವಲ್ ಶುರುವಾಯಿತು. ಶಿಕಾಗೋದ ಬ್ಲೂಸ್ ಗಿಟಾರ್ ವಾದಕ ಬಡ್ಡಿ ಗೈ ಬಂದು ನುಡಿಸಿದರು. ಸೋಲ್‌ಮೇಟ್ ಕೂಡ ಆ ಉತ್ಸವದ ವೇದಿಕೆ ಹತ್ತಿದೆ. ಅವರ ರೆಕಾರ್ಡಿಂಗ್‌ಗಳು ನೆಟ್‌ನಲ್ಲಿ ಸಿಗುತ್ತವೆ, ಇವತ್ತೇ ಹಾಕಿ ಕೇಳಿ. ಟಿಪ್ರಿಟಿ ಸಾಲು ಮುಗಿಸಿ ಸುಮ್ನೆ ನಿಲ್ಲೋ ಕಡೆ, ರೂಡಿಯ ಗಿಟಾರ್ ಏನು ಹೇಳುತ್ತದೆ ಅಂತ ಗಮನವಿಡಿ.

[ಗಿಟಾರ್ ಮಾತ್ರ. ಟರ್ನ್‌ಅರೌಂಡ್. ಪರದೆ ಕತ್ತಲು.]