ಕೂಡಲಸಂಗಮದ ನೀರಿನ ಮೇಲೆ ಒಂದು ಬೆಳಗು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಯವರಿಗೆ ಹೊಳೆ ಹೊಸದಲ್ಲ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ನಮ್ಮ ಹೊಲದ ಬದುವಿನಲ್ಲೇ ಹರಿಯುತ್ತವೆ. ಆದರೆ ಹೊಳೆಯ ಮಾತು ಬಂದರೆ ನಾವು ಆಡುವುದು ಏನು? ಡ್ಯಾಮಿನಲ್ಲಿ ನೀರು ಎಷ್ಟು ಬಂತು, ಕಾಲುವೆಗೆ ಯಾವಾಗ ಬಿಡ್ತಾರೆ, ಈ ಸಲ ನೆರೆ ಬರುತ್ತದೋ ಇಲ್ಲವೋ. ಆ ಚಿಂತೆ ಬೇಕಾದದ್ದೇ. ಆದರೂ ಒಂದು ದಿನ ಸುಮ್ನೆ ದೋಣಿ ಹತ್ತಿ, ನೀರಿನ ನಡುವೆ ಕುಳಿತು ನಮ್ಮ ಹೊಳೆಯನ್ನು ನೋಡಿ ಅಂತ ಹೇಳೋದಕ್ಕೇ ಇವತ್ತು ಬಂದಿದ್ದೇನೆ.

ಎಲ್ಲಿಗೆ ಹೋಗಬೇಕು ಅಂದರೆ, ನಾನು ಕೂಡಲಸಂಗಮಕ್ಕೆ ಹೋಗಿ ಅನ್ನುತ್ತೇನೆ. ವಿಜಯಪುರ-ಹೊಸಪೇಟೆ ಹೆದ್ದಾರಿಯಿಂದ ಸ್ವಲ್ಪ ಒಳಗೆ ಬಂದರೆ ಸಾಕು. ನಮ್ಮ ಜನ ಅಲ್ಲಿಗೆ ಹೋಗುವುದು ಹೊಸದೇನಲ್ಲ. ಸಂಗಮೇಶ್ವರನಿಗೆ ಕೈ ಮುಗಿದು, ಬಸವಣ್ಣನವರ ಐಕ್ಯ ಮಂಟಪಕ್ಕೆ ಇಳಿದು ಬಂದು, ದಂಡೆಯಲ್ಲಿ ನಾಲ್ಕು ಫೋಟೋ ತೆಗೆದುಕೊಂಡು ಬಸ್ಸು ಹತ್ತಿಬಿಡುತ್ತಾರೆ. ಅಷ್ಟು ದೂರ ಹೋಗಿಯೂ ನೀರಿಗೆ ಇಳಿಯದೆ ಬಂದರೆ ಅರ್ಧ ನೋಡಿದ ಹಾಗೆ ಅಂತ ನನ್ನ ಅನಿಸಿಕೆ.

ಬೆಳಗ್ಗೆ ಹೋಗಿ, ಬಿಸಿಲು ಏರುವ ಮೊದಲು. ಎಂಜಿನ್ ಇಲ್ಲದ, ಹುಟ್ಟು ಹಾಕುವ ದೋಣಿ ಸಿಕ್ಕರೆ ಅದನ್ನೇ ಹತ್ತಿ, ಎಂಜಿನ್ ಸದ್ದಿಗೆ ಹಕ್ಕಿ ಒಂದೂ ಹತ್ತಿರ ಇರುವುದಿಲ್ಲ. ನಾನು ಹೋದಾಗ ದೋಣಿಯವರು ಮೊದಲು ಹೇಳಿದ್ದು, "ನಡುವ ಕುಂದರ್ರಿ, ಅಂಚಿಗೆ ವಾಲಬ್ಯಾಡ್ರಿ" ಅಂತ. ಆಮೇಲೆ ದಂಡೆಗೆ ಹುಟ್ಟು ಊರಿ ದೋಣಿ ದೂಡಿದರು. ಗುಡಿಯ ಗಂಟೆ, ತೆಂಗಿನಕಾಯಿ ಅಂಗಡಿಯವರ ಕೂಗು, ಬಸ್ಸಿನ ಹಾರ್ನು, ಎಲ್ಲ ಒಂದೊಂದಾಗಿ ಹಿಂದೆ ಉಳಿದು, ಕೊನೆಗೆ ಹುಟ್ಟಿನಿಂದ ನೀರು ತೊಟ್ಟಿಕ್ಕುವುದಷ್ಟೇ ಕೇಳಿಸತೊಡಗಿತು.

ಅಲ್ಲಿ ಸೇರುವ ಎರಡು ಹೊಳೆಗಳ ದಾರಿ ಎಷ್ಟು ಬೇರೆ ನೋಡಿ. ಕೃಷ್ಣೆ ಮಹಾರಾಷ್ಟ್ರದ ಮಹಾಬಳೇಶ್ವರದಲ್ಲಿ ಹುಟ್ಟಿ, ಆಲಮಟ್ಟಿ ಡ್ಯಾಮಿನಲ್ಲಿ ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರದವರೆಗೆ ತುಂಬಿ ನಿಂತು, ಗೇಟು ದಾಟಿ ಇಲ್ಲಿಗೆ ಬರುತ್ತಾಳೆ. ಮಲಪ್ರಭೆ ನಮ್ಮ ಖಾನಾಪುರ ತಾಲೂಕಿನ ಕಣಕುಂಬಿಯವಳು. ಸವದತ್ತಿ ಹತ್ತಿರ ನವಿಲುತೀರ್ಥದ ಡ್ಯಾಮಿನಲ್ಲಿ ನಿಂತು, ಪಟ್ಟದಕಲ್ಲಿನ ಗುಡಿಗಳ ಬೆನ್ನಿಗೇ ಹರಿದು, ಐಹೊಳೆಯನ್ನು ಹಾದು, ಸುಮಾರು 304 ಕಿಲೋಮೀಟರ್ ನಡೆದು ಇಲ್ಲಿ ಅಕ್ಕನ ಕೈ ಹಿಡಿಯುತ್ತಾಳೆ. ನಕ್ಷೆಯಲ್ಲಿ ಎರಡು ಗೆರೆ ಕೂಡಿದಂತೆ ಕಾಣುವ ಜಾಗ, ದೋಣಿಯಲ್ಲಿ ಕುಳಿತು ನೋಡಿದರೆ ಆಚೆ ದಡದ ಮರಗಳು ಬೆರಳುದ್ದ ಕಾಣುವಷ್ಟು ಅಗಲ. ಕೆಳಗೆ ನಾರಾಯಣಪುರದಲ್ಲಿ ಬಸವಸಾಗರ ಡ್ಯಾಮು ಇರುವುದರಿಂದ ಅದರ ಹಿನ್ನೀರು ಇಲ್ಲಿಯತನಕ ಬಂದು ನಿಲ್ಲುತ್ತದೆ. ಹಾಗಾಗಿಯೇ ನೀರಿಗೆ ಇಷ್ಟು ಸಮಾಧಾನ.

ಐಕ್ಯ ಮಂಟಪವನ್ನು ನೀರಿನ ಕಡೆಯಿಂದ ಒಮ್ಮೆ ನೋಡಬೇಕು. ಹಿನ್ನೀರಿನಲ್ಲಿ ಆ ಜಾಗ ಮುಳುಗಬಾರದು ಅಂತ ಸುತ್ತಲೂ ದುಂಡಗೆ ಎತ್ತರದ ಗೋಡೆ ಕಟ್ಟಿದ್ದಾರೆ, ದಂಡೆಯಿಂದ ಸೇತುವೆ ಇದೆ, ಒಳಗೆ ಬಾವಿಗೆ ಇಳಿದಂತೆ ಮೆಟ್ಟಿಲು ಇಳಿಯಬೇಕು. ಹೊಳೆ ತುಂಬಿದಾಗ ಒಳಗೆ ನಿಂತವರ ತಲೆಗಿಂತ ಮೇಲೆ, ಗೋಡೆಯಾಚೆ ನೀರು ಇರುತ್ತದೆ. ಒಳಗಿದ್ದಾಗ ಇದು ಗೊತ್ತೇ ಆಗುವುದಿಲ್ಲ. ದೋಣಿ ಆ ಗೋಡೆಯ ಪಕ್ಕ ಹಾದುಹೋಗುವಾಗ, ಅದರ ಮೇಲೆ ಹಳೆಯ ನೀರಿನ ಮಟ್ಟದ ಬಿಳಿ ಪಟ್ಟಿಗಳನ್ನು ಕಂಡಾಗ, ಆಗ ತಿಳಿಯುತ್ತದೆ. ಬಸವಣ್ಣನವರ ಜೊತೆಯ ಶರಣರಲ್ಲಿ ದೋಣಿ ನಡೆಸುವ ಕಾಯಕದ ಅಂಬಿಗರ ಚೌಡಯ್ಯನವರೂ ಇದ್ದರು ಅನ್ನುವುದು ಅಲ್ಲಿ ಕುಳಿತಾಗ ನನಗೆ ತಾನಾಗಿಯೇ ನೆನಪಾಯಿತು.

ನೀರಿನ ನಡುವೆ ಹೋದ ಮೇಲೆ ಹುಟ್ಟು ಹಾಕುವುದನ್ನು ನಿಲ್ಲಿಸಲು ಹೇಳಿ. ಹತ್ತು ನಿಮಿಷವಾದರೂ. ನಾವು ನಿಂತಾಗ ಕಪ್ಪು ಬಿಳುಪಿನ ಒಂದು ಮಿಂಚುಳ್ಳಿ ಬಂತು. ಮೀನುಗಾರರು ಬಲೆಗೆ ಕಟ್ಟಿದ ಖಾಲಿ ಬಾಟಲಿಗಳ ಸಾಲು ತೇಲುತ್ತಿತ್ತು, ಅದರ ಮೇಲೆ ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತಾ, ಕೊಕ್ಕು ಕೆಳಗೆ ಮಾಡಿ ನಿಂತುಬಿಟ್ಟಿತು. ಆಮೇಲೆ ರೆಕ್ಕೆ ಮಡಚಿ ಕಲ್ಲು ಬಿದ್ದಂತೆ ನೇರ ನೀರಿಗೆ! ಮೀನು ಸಿಗಲಿಲ್ಲ. ಮೇಲೆದ್ದು, ಮೈ ಕೊಡವಿ, ಮತ್ತೆ ಅಲ್ಲೇ ನಿಂತಿತು. ಎರಡನೇ ಸಲಕ್ಕೆ ಸಿಕ್ಕಿತು. ಆ ಬಲೆ ತೊಡರದ ಹಾಗೆ ದೋಣಿಯವರು ಸುತ್ತು ಹಾಕಿಯೇ ತಿರುಗಿಸಿದರು, ಯಾರ ಬಲೆ ಅಂತ ಅವರಿಗೆ ಗೊತ್ತಿತ್ತು.

ಹೊಟ್ಟೆಗೆ ಬುತ್ತಿ ಕಟ್ಟಿಕೊಂಡು ಹೋಗಿ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಸಂಕ್ರಾಂತಿಗೆ ನಮ್ಮವರು ಎಳ್ಳು ಹಚ್ಚಿಕೊಂಡು ಹೊಳೆಯಲ್ಲಿ ಮಿಂದು, ದಂಡೆಯಲ್ಲೇ ಬುತ್ತಿ ಬಿಚ್ಚುತ್ತಾರಲ್ಲ, ಅದೇ ರುಚಿ. ಆದರೆ ಎಲೆ, ತಟ್ಟೆ, ಪ್ಲಾಸ್ಟಿಕ್ ಚೀಲ ಒಂದೂ ನೀರಿಗೆ ಬೀಳಬಾರದು, ದಯವಿಟ್ಟು.

ಮಳೆಗಾಲದಲ್ಲಿ ಮಾತ್ರ ಬೇಡ. ಆಲಮಟ್ಟಿ ಗೇಟು ತೆಗೆದಾಗ ಇದೇ ನೀರು ಬೇರೆಯೇ ಆಗಿರುತ್ತದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನುಗ್ಗಿದ್ದು ನಿಮಗೆಲ್ಲ ನೆನಪಿದೆ. ದೀಪಾವಳಿ ಕಳೆದ ಮೇಲೆ, ಚಳಿ ಬಿದ್ದಾಗ ಹೋಗಿ. ಬಾಡಿಗೆ ಮೊದಲೇ ಮಾತಾಡಿಕೊಳ್ಳಿ. ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ, ಈಜು ಬರುವವರೂ ಕೂಡ. ದೋಣಿಯಲ್ಲಿ ಎದ್ದು ನಿಲ್ಲಬೇಡಿ, ಜಾಸ್ತಿ ಜನ ಹತ್ತಿದ್ದರೆ ಮುಂದಿನ ದೋಣಿಗೆ ಕಾಯಿರಿ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರನ್ನೂ ಕರೆದೊಯ್ಯಿರಿ. ಸೇತುವೆಗಳಿಲ್ಲದ ಕಾಲದಲ್ಲಿ ಹರಿಗೋಲಿನಲ್ಲಿ ಹೊಳೆ ದಾಟಿ ಸಂತೆಗೆ, ಬೀಗರ ಊರಿಗೆ ಹೋದವರು ಅವರು. ನೀರಿನ ನಡುವೆ ಕೂತರೆ ಆ ಮಾತುಗಳನ್ನು ಕೇಳದೆಯೇ ಹೇಳುತ್ತಾರೆ.

ನಮಸ್ಕಾರ.