ಹೆಸರು ಕೊಡಾಕ್, ಕ್ಯಾಮೆರಾ ಯಾರದ್ದು?

ಈ ಡಬ್ಬಿಯನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ, ನೋಡಿ. ಮುಂದೆ ದಪ್ಪಕ್ಕೆ ಕೊಡಾಕ್ ಅಂತ ಬರೆದಿದೆ. ಅದೇ ಹಳದಿ, ಅದೇ ಕೆಂಪು. ಈಗ ತಿರುಗಿಸೋಣ. ಕೆಳಗೆ ಇರುವೆ ಸಾಲಿನ ಹಾಗೆ ಏನೋ ಇದೆ ಅಲ್ವಾ? ಲೈಸೆನ್ಸ್ ಪಡೆದು ಈ ಹೆಸರು ಬಳಸಿದ್ದೇವೆ ಅಂತ. ಕ್ಯಾಮೆರಾ ಮಾರುವವರು ಅಮೆರಿಕದ ಜೆಕೆ ಇಮೇಜಿಂಗ್.

ಮಡಿಕೇರಿಯಲ್ಲಿ ನನ್ನ ಚಿಕ್ಕಪ್ಪನ ಮಗಳು ಇದನ್ನು ತಗೊಂಡಾಗ ಮನೆಯಲ್ಲಿ ಯಾರೂ ಮಾಡೆಲ್ ಯಾವುದು ಅಂತ ಕೇಳಲಿಲ್ಲ. "ಕೊಡಾಕಾ? ಹಾಗಾದ್ರೆ ಒಳ್ಳೇದೇ ಇರ್ತದೆ ಬಿಡು ಮಗಳೇ" ಅಂದರು ಅಜ್ಜಿ. ಅವರಿಗೆ ಕೊಡಾಕ್ ಅಂದರೆ ಸ್ಟುಡಿಯೋ ಬಾಗಿಲ ಮೇಲಿನ ಹಳದಿ ಬೋರ್ಡು. ಹುತ್ತರಿಗೆ ತೆಗೆದ ರೋಲ್ ತೊಳೆದು ಬರುವವರೆಗೆ ಕಾಯುವುದು. ಲೈಸೆನ್ಸ್ ಅಂದರೆ ಈ ನಂಬಿಕೆಯನ್ನೇ ಬಾಡಿಗೆಗೆ ಕೊಡುವುದು.

ಅಸಲಿ ಕೊಡಾಕ್ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಡಿಜಿಟಲ್ ಕ್ಯಾಮೆರಾ ಮಾಡುವುದನ್ನೂ ಬಿಟ್ಟಿತು. ಮುಂದಿನ ವರ್ಷದಿಂದ ಅದೇ ಹೆಸರಲ್ಲಿ ಜೆಕೆ ಇಮೇಜಿಂಗ್‌ನವರ ಪಿಕ್ಸ್‌ಪ್ರೊ ಕ್ಯಾಮೆರಾಗಳು ಬಂದವು. ನಮ್ಮಲ್ಲಿ ಮಾರುವ ಕೊಡಾಕ್ ಟಿವಿ ಕೂಡ ಹೀಗೇ, ಮಾಡುವವರು ನೋಯ್ಡಾದ ಸೂಪರ್ ಪ್ಲಾಸ್ಟ್ರಾನಿಕ್ಸ್.

ಹಾಗಾದರೆ ಹೆಸರಿನಿಂದ ಕ್ಯಾಮೆರಾ ಮಾರಾಟ ಆಗುತ್ತದಾ? ಆಗುತ್ತದೆ. ಜಪಾನಿನಲ್ಲಿ, ಕ್ಯಾನನ್, ಸೋನಿ ಹುಟ್ಟಿದ ಊರಿನಲ್ಲೇ, ಪಿಕ್ಸ್‌ಪ್ರೊ ಎಫ್‌ಜೆಡ್55 ಅನ್ನುವ ಮಾಡೆಲ್ ಕಾಂಪ್ಯಾಕ್ಟ್, ಅಂದರೆ ಪುಟ್ಟ ಕ್ಯಾಮೆರಾಗಳ ಮಾರಾಟ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಗಿದೆ. ಆದರೆ ನನಗೆ ಅದು ಬರೀ ಹೆಸರಿನ ಕೆಲಸ ಅನ್ನಿಸುವುದಿಲ್ಲ. ಫೋನ್ ಬಂದ ಮೇಲೆ ದೊಡ್ಡ ಕಂಪನಿಗಳು ಅಗ್ಗದ ಕ್ಯಾಮೆರಾಗಳನ್ನು ಒಂದೊಂದಾಗಿ ನಿಲ್ಲಿಸಿದವು. ಆಮೇಲೆ ಹುಡುಗ ಹುಡುಗಿಯರಿಗೆ ಹಳೇ ಡಿಜಿಕ್ಯಾಮ್ ಹುಚ್ಚು ಹಿಡಿಯಿತು. ಅಂಗಡಿಯಲ್ಲಿ ಆ ಬೆಲೆಗೆ ಹೊಸದು ಬೇಕು ಅಂದರೆ ಸಿಗುವುದು ಬೆರಳೆಣಿಕೆಯಷ್ಟು. ಜಾಗ ಖಾಲಿ ಇತ್ತು, ಗೊತ್ತಿರುವ ಹೆಸರು ಬಂದು ಕೂತಿತು.

ಬೆಲೆ ಏರಿದರೆ ಕಥೆ ಬೇರೆ. 2012ರಲ್ಲೇ ಸ್ವೀಡನ್ನಿನ ಕ್ಯಾಮೆರಾ ಕಂಪನಿ ಹಸೆಲ್‌ಬ್ಲಾಡ್‌ನವರು ಲೂನಾರ್ ಅಂತ ಒಂದು ಕ್ಯಾಮೆರಾ ತೋರಿಸಿದರು. ಹಸೆಲ್‌ಬ್ಲಾಡ್ ಅಂದರೆ ಅಪೊಲೊ 11ರ ಜೊತೆ ಚಂದ್ರನ ಮೇಲೆ ಹೋದ ಹೆಸರು, ಸುಮ್ನೆ ಅಲ್ಲ. ಒಳಗಿದ್ದದ್ದು ಸೋನಿಯ ನೆಕ್ಸ್-7 ಕ್ಯಾಮೆರಾ, ಹೊರಗೆ ಮರದ ಹಿಡಿ. ಬೆಲೆ ಸುಮಾರು 5,000 ಯೂರೊ! ಸೋನಿಗಿಂತ ಎಷ್ಟೋ ಪಟ್ಟು ಜಾಸ್ತಿ. ಫೋಟೋದವರು ನಕ್ಕುಬಿಟ್ಟರು.

ಅದೇ ಕೊಡಾಕ್ ಚಾರ್ಮೆರಾ ನೋಡಿ, 2025ರದ್ದು. ಕೀ ಬಂಚಿಗೆ ಸಿಕ್ಕಿಸುವಷ್ಟು ಪುಟ್ಟದು, ಬರೀ 1.6 ಮೆಗಾಪಿಕ್ಸೆಲ್, 30 ಡಾಲರ್ ಆಸುಪಾಸು. ಡಬ್ಬಿ ಒಡೆಯುವವರೆಗೆ ಯಾವ ಬಣ್ಣ ಅಂತಾನೂ ಗೊತ್ತಾಗಲ್ಲ. ಆದರೂ ಮುಗಿಬಿದ್ದು ಕೊಂಡರು. ಆ ದುಡ್ಡಿಗೆ ಒಳಗೆ ಚಿತ್ರ ಹಿಡಿಯುವ ಸೆನ್ಸರ್ ಯಾರದ್ದು ಅಂತ ಯಾರು ಕೇಳುತ್ತಾರೆ?

ನಾವು ಕೊಡಗಿನವರು ಕೇಳಬೇಕಾದದ್ದು ಬೇರೆ. ಇಲ್ಲಿನ ಮಳೆಗಾಲದಲ್ಲಿ ಬೀರುವಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ಲೆನ್ಸ್ ಬಿಡುತ್ತದಾ? ಒಳಗೆ ಬಿಳಿ ಬಿಳಿ ಬೇರು ಬಿಟ್ಟ ಹಾಗೆ ಫಂಗಸ್ ಬರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಕೊಳ್ಳುವಾಗ ಮಾತ್ರ ಅಂಗಡಿಯವರನ್ನು ಒಂದು ಮಾತು ಕೇಳಿ: "ಕೆಟ್ಟರೆ ಎಲ್ಲಿಗೆ ಕಳಿಸ್ತೀರಿ ಅಣ್ಣಾ?" ಡಬ್ಬಿ ಮೇಲಿನ ಹೆಸರನ್ನೇ ತಿರುಗಿಸಿ ಹೇಳಿದರೆ, ವಾರಂಟಿ ಕಾರ್ಡ್ ತೆಗೆಸಿ ವಿಳಾಸ ಓದಿ.